ಮೂರು ಸಲ ಕಾಯಿಸಿದ ಚಹಾ, ಕಂಬಳಿಯ ಹೊರಗಿನ ಕೈ

2007, ಫೆಬ್ರವರಿ ತಿಂಗಳ ಎರಡನೆಯ ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಮೂರನೆಯ ಮಹಡಿಯ ಮನೆಯ ಬಾಲ್ಕನಿ. ಹಾಜರಿದ್ದವರು ನಾನು ಮತ್ತು ನನ್ನ ತಂಗಿ. ಒಂಬತ್ತಕ್ಕೆ ಬರುತ್ತೇನೆಂದಿದ್ದ ಹುಡುಗಿ ಬಂದದ್ದು ಒಂಬತ್ತೂ ಇಪ್ಪತ್ತಕ್ಕೆ.

ದಿನಚರಿಯನ್ನು ಹೀಗೆ ಆರಂಭಿಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಸೈನ್ಯದ ಆಸ್ಪತ್ರೆಗಳಲ್ಲಿ ಇಪ್ಪತ್ತೇಳು ವರ್ಷ ನರ್ಸಾಗಿದ್ದು, ಮೇಜರ್ ದರ್ಜೆಯಲ್ಲಿ ನಿವೃತ್ತಳಾದೆ. ಪಾಳಿ ಮುಗಿಸಿದವಳು ಮುಂದಿನ ಪಾಳಿಯವಳಿಗೆ ವರದಿ ಪುಸ್ತಕ ಒಪ್ಪಿಸದೆ ವಾರ್ಡಿನ ಬಾಗಿಲು ದಾಟುವಂತಿರಲಿಲ್ಲ. ದಿನಾಂಕ, ಹೊತ್ತು, ಯಾರಿದ್ದರು, ಏನು ಮಾಡಿದೆವು, ಏನು ಉಳಿದಿದೆ, ಇಷ್ಟನ್ನೂ ಬರೆಯಬೇಕು. ನಿವೃತ್ತಿಯಾದ ಮೇಲೂ ಪ್ರತಿದಿನ ಅದೇ ಕ್ರಮದಲ್ಲಿ ಅರ್ಧ ಪುಟ ಬರೆಯುತ್ತೇನೆ. ಈ ಬರಹಕ್ಕೂ ಅಂಥ ಒಂದು ಅರ್ಧ ಪುಟವೇ ಆಧಾರ.

"ಅಕ್ಕಾ, ಈ ರಿಪೋರ್ಟ್ ಯಾರಿಗೆ ಒಪ್ಪಿಸ್ತೀಯಾ? ಮುಂದಿನ ಪಾಳಿಗೆ ಯಾರಿದ್ದಾರೆ?" ಎಂದು ತಂಗಿ ಆಗಾಗ ಕೇಳುತ್ತಾಳೆ.

"ನೀನೇ."

"ನನಗೆ ರಜಾ ಬೇಕು, ಮೇಜರ್ ಸಾಹೇಬ್ರೇ."

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಗಂಡ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದರು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಷ್ಟು ವರ್ಷವೂ ಅವಳು ಸುತ್ತಮುತ್ತಲಿನ ಕನ್ನಡದ ಮಕ್ಕಳನ್ನು ಸಂಜೆ ಹೊತ್ತು ಕೂರಿಸಿಕೊಂಡು ಅಕ್ಷರ ತಿದ್ದಿಸಿ ಪದ್ಯ ಹೇಳಿಕೊಡುತ್ತಿದ್ದಳು. ಗಂಡ ಹೋದ ಮೇಲೆ ನನ್ನ ಜೊತೆಗೆ ಬಂದಳು. ನಾನು ಮದುವೆಯಾದವಳಲ್ಲ. ಮನೆಯಲ್ಲಿ ನನ್ನ ಗಡಿಯಾರ ಒಂದು ನಡೆಯುತ್ತದೆ, ಅವಳ ಮನಸ್ಸು ಇನ್ನೊಂದು ನಡೆಯುತ್ತದೆ. ಎರಡೂ ಊಟದ ಹೊತ್ತಿಗೆ ಸೇರುತ್ತವೆ.

ಹುಡುಗಿಯನ್ನು ಕರೆತಂದವಳೂ ಅವಳೇ. ಕನ್ನಡಿಗರ ಒಂದು ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮುಂದೆ ನಿಂತಿದ್ದ ಹುಡುಗಿ, "ರೊಟ್ಟಿ ಕಂಡು ಆರು ತಿಂಗಳಾತ್ರಿ" ಎಂದಳಂತೆ. ವಿಜಾಪುರದ ಕಡೆಯವಳು, ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಾಹಿತ್ಯದಲ್ಲಿ ಎಂ.ಫಿಲ್. ಓದುತ್ತಿದ್ದಳು. ಮೈಸೂರಿನ ಕಡೆಯವರಾದ ನಮಗೆ ಜೋಳದ ರೊಟ್ಟಿ ತಟ್ಟಲು ಬರುವುದಿಲ್ಲ. ತಂಗಿ ಎಲ್ಲಿಂದಲೋ ಹಿಟ್ಟು ತರಿಸಿ, ನಾಲ್ಕು ಭಾನುವಾರ ಹರಕು ರೊಟ್ಟಿ ಮಾಡಿ, ಐದನೆಯ ಭಾನುವಾರ ಒಂದನ್ನು ಇಡಿಯಾಗಿ ಎತ್ತಿ ಹೆಂಚಿಗೆ ಹಾಕಿದಳು. ಆಮೇಲೆ ಹುಡುಗಿ ತಿಂಗಳಿಗೊಂದು ಭಾನುವಾರ ಬರತೊಡಗಿದಳು. ತಂಗಿಗೆ "ಅಜ್ಜಿ" ಎನ್ನುತ್ತಿದ್ದಳು, ನನಗೆ "ಮೇಡಂ". ನಾನು ತಂಗಿಗಿಂತ ದೊಡ್ಡವಳು ಎಂಬುದು ಅವಳಿಗೆ ಗೊತ್ತಿತ್ತು.

ಆ ದಿನ ಅವಳು ಬಂದದ್ದು ರೊಟ್ಟಿಗಲ್ಲ.

"ಮೆಟ್ರೋ ತಪ್ಪಿತ್ರಿ ಮೇಡಂ," ಎಂದು ಬಾಗಿಲಲ್ಲೇ ಹೇಳಿದಳು. ಕಣ್ಣು ಊದಿತ್ತು.

"ಮೆಟ್ರೋ ಏಳು ನಿಮಿಷಕ್ಕೊಂದು ಬರುತ್ತೆ. ಇಪ್ಪತ್ತು ನಿಮಿಷ ಹೇಗೆ ತಪ್ಪಿತು?"

"ಅಕ್ಕಾ, ಮೊದಲು ಒಳಗೆ ಬಿಡು, ಆಮೇಲೆ ಕೋರ್ಟ್ ಮಾರ್ಷಲ್ ಮಾಡು," ಎಂದಳು ತಂಗಿ.

ವಿಷಯ ಹೀಗಿತ್ತು. ಯುದ್ಧವನ್ನು ಒಂದು ಸಣ್ಣಕತೆ ಹೇಗೆ ಚಿತ್ರಿಸುತ್ತದೆ, ಒಂದು ಕವಿತೆ ಹೇಗೆ ಚಿತ್ರಿಸುತ್ತದೆ, ಎರಡನ್ನೂ ಹೋಲಿಸಿ ಹುಡುಗಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು. ಒಮ್ಮೆ ಬರೆದು ಕೊಟ್ಟಿದ್ದಳು, ಅದು ತಿರುಗಿ ಬಂದಿತ್ತು. ಕೊನೆಯ ಪುಟದಲ್ಲಿ ಅವಳ ಅಧ್ಯಾಪಕರು ಕೆಂಪು ಶಾಯಿಯಲ್ಲಿ, ಇಲ್ಲಿ ಕತೆಯ ಸಾರಾಂಶ ಇದೆ, ಕವಿತೆಯ ಸಾರಾಂಶ ಇದೆ, ನೀನು ಎಲ್ಲಿ ಎಂದು ಬರೆದಿದ್ದರು. ಇನ್ನೊಂದೇ ಅವಕಾಶ, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಅದೂ ಬಿದ್ದುಹೋದರೆ ಮುಂದಿನ ಸಂಶೋಧನೆಗೆ ಸೀಟು ಸಿಗುವುದಿಲ್ಲ, ಹಾಸ್ಟೆಲ್ಲಿನ ಕೋಣೆ ಬಿಡಬೇಕು, ಊರಿಗೆ ಹೊರಡಬೇಕು. ಅವಳ ಮನೆತನದಲ್ಲಿ ಇಷ್ಟು ದೂರ ಓದಲು ಬಂದ ಮೊದಲ ಹೆಣ್ಣು ಅವಳು. ಅವಳ ಹಿಂದೆ ಇಬ್ಬರು ತಂಗಿಯರಿದ್ದರು. "ನಾನು ಹೊಳ್ಳಿ ಹೋದ್ರ ಅವರಿಬ್ಬರನ್ನೂ ಯಾರೂ ಕಳ್ಸಂಗಿಲ್ರಿ," ಎಂದಳು. ಅಳಲಿಲ್ಲ. ಅತ್ತು ಮುಗಿಸಿಯೇ ಬಂದಿದ್ದಳು ಎಂದು ಕಾಣುತ್ತದೆ.

"ಮೇಡಂ, ನೀವು ಯುದ್ಧ ನೋಡೀರಿ. ನೀವು ಹೇಳಿದ್ರ ನಾ ಬರೀತೀನಿ."

ನನಗೆ ಇಂಥ ಮಾತು ಕೇಳಿದರೆ ಉತ್ಸಾಹ ಬರುತ್ತದೆ. ಕೆಲಸ, ಗಡುವು, ಕೈಕೆಳಗೆ ಒಬ್ಬಳು. ಗಡಿಯಾರ ನೋಡಿದೆ. ಹತ್ತೂವರೆಗೆ ಓದಿ ಮುಗಿಸುವುದು, ಹನ್ನೆರಡೂವರೆಗೆ ಹೋಲಿಕೆ ಸಿದ್ಧ, ಒಂದಕ್ಕೆ ಊಟ, ಒಂದೂವರೆಯಿಂದ ಬರವಣಿಗೆ, ಐದಕ್ಕೆ ಮಾರುಕಟ್ಟೆಯ ಸೈಬರ್ ಅಂಗಡಿಯಲ್ಲಿ ಟೈಪು ಮಾಡಿಸಿ ಪ್ರಿಂಟು. ಕಾಗದದ ಮೇಲೆ ಬರೆದು ಅವಳ ಮುಂದಿಟ್ಟೆ. ತಂಗಿ ಎರಡು ಕಿಲೋ ಹಸಿ ಬಟಾಣಿ ಸುರುವಿಕೊಂಡು ಬಿಸಿಲಿಗೆ ಕೂತಳು.

ಮೊದಲು ಕತೆ ಓದಿದೆ. ಹಿಮದ ಗಡಿಯಲ್ಲಿ ಒಂದು ಬಂಕರು, ಅಲ್ಲಿ ಇಬ್ಬರು ಸಿಪಾಯಿಗಳು, ಒಂದು ಸೀಮೆಎಣ್ಣೆ ಸ್ಟೌವು. ಒಬ್ಬ ನೀರು ತರಲು ಹೋಗುತ್ತಾನೆ. ಇನ್ನೊಬ್ಬ ಚಹಾಕ್ಕಿಡುತ್ತಾನೆ. ಹೊರಗೆ ಶೆಲ್ಲುಗಳು ಬೀಳುತ್ತವೆ. ಚಹಾ ಆರುತ್ತದೆ, ಮತ್ತೆ ಕಾಯಿಸುತ್ತಾನೆ, ಮತ್ತೆ ಆರುತ್ತದೆ. ಸೀಮೆಎಣ್ಣೆ ಎಷ್ಟು ಉಳಿದಿದೆ ಎಂದು ಡಬ್ಬಿಯೊಳಗೆ ಕಡ್ಡಿ ಇಳಿಸಿ ನೋಡುತ್ತಾನೆ. ಮೂರನೆಯ ಸಲ ಚಹಾ ಕುದಿಯುವಾಗ ಗೆಳೆಯನ ಹೆಣವನ್ನು ಹೊತ್ತು ತರುತ್ತಾರೆ. ಆ ಗೆಳೆಯನಿಗೆ ಹೆಸರಿತ್ತು, ಊರಿತ್ತು, ಮನೆಯಲ್ಲಿ ಅರ್ಧ ಕಟ್ಟಿದ ಗೋಡೆಯಿತ್ತು.

"ಇದು ಕಂಡವರು ಬರೆದದ್ದು," ಎಂದೆ. ಅಷ್ಟು ಎತ್ತರದಲ್ಲಿ ಚಹಾ ಕುದಿಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕೂಡ ಸರಿಯಾಗಿತ್ತು. ಹಿಮದಿಂದ ಇಳಿಸಿ ತಂದ ಗಾಯಾಳುಗಳು ನನ್ನ ಕೈಯಲ್ಲೇ ಅದನ್ನೆಲ್ಲ ಹೇಳಿಕೊಂಡಿದ್ದರು. ಹೆಪ್ಪುಗಟ್ಟಿದ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುವಾಗ ಮನುಷ್ಯರು ಯುದ್ಧದ ಮಾತು ಆಡುವುದಿಲ್ಲ, ಚಹಾದ ಮಾತೇ ಆಡುತ್ತಾರೆ.

ಆಮೇಲೆ ಕವಿತೆ. ಹಳೆಯ ಕನ್ನಡ ಪತ್ರಿಕೆಯೊಂದರಿಂದ ಜೆರಾಕ್ಸ್ ಮಾಡಿಸಿದ ಒಂದೇ ಹಾಳೆ, ಹದಿನಾಲ್ಕು ಸಾಲು. ಕಂಬಳಿಯ ಹೊರಗೆ ಉಳಿದುಬಿಟ್ಟ ಒಂದು ಕೈ. ಅಂಗೈ ಮೇಲಾಗಿದೆ. ಯಾರೋ ಅದನ್ನು ಒಳಗಿಡುತ್ತಾರೆ, ಅದು ಮತ್ತೆ ಹೊರಗೆ ಬರುತ್ತದೆ. ಹೊರಗೆ ಬೆಳಗಾಗುತ್ತದೆ. ಅಷ್ಟೇ. ಯಾರ ಕೈ, ಯಾವ ಊರು, ಯಾವ ಯುದ್ಧ, ಒಂದೂ ಇಲ್ಲ. ಯುದ್ಧ ಎಂಬ ಪದವೇ ಇಲ್ಲ, ಶೀರ್ಷಿಕೆಯಲ್ಲಿ ಮಾತ್ರ ಗಡಿ ಎಂದಿತ್ತು.

"ಎಡಗೈಯೋ ಬಲಗೈಯೋ?" ಎಂದೆ.

ಹುಡುಗಿ ಹಾಳೆ ತಿರುಗಿಸಿ ನೋಡಿದಳು. "ಹೇಳಿಲ್ರಿ."

"ಗಾಯ ಎಲ್ಲಿ?"

"ಅದನ್ನೂ ಹೇಳಿಲ್ರಿ."

"ಜ್ಞಾನ ಇದೆಯೋ ಇಲ್ಲವೋ? ಬದುಕಿದ್ದಾನೋ ಸತ್ತಿದ್ದಾನೋ?"

"ಕೈ ಹೊರಗ ಬರ್ತದಲ್ರಿ, ಅಂದ್ರ ಇದ್ದಾನ. ಅಥವಾ..."

"ಅಥವಾ ಏನು? ಅಥವಾ ಅನ್ನೋದು ವರದಿಯಲ್ಲಿ ಬರಬಾರದು."

ಬಟಾಣಿ ಬಿಡಿಸುತ್ತಿದ್ದ ತಂಗಿ ತಲೆ ಎತ್ತದೆ, "ಅಕ್ಕ ಕವಿತೆಯ ಬಾಯಿಗೆ ಥರ್ಮಾಮೀಟರ್ ಇಟ್ಟಿದ್ದಾಳೆ. ಕಚ್ಚಬೇಡಪ್ಪ ಕವಿತೆ, ಅಲ್ಲಾಡಬೇಡ," ಎಂದಳು.

ಹುಡುಗಿ ನಕ್ಕಳು. ನಾನು ನಗಲಿಲ್ಲ. ಸ್ಕೇಲು ತರಿಸಿ ದೊಡ್ಡ ಹಾಳೆಯಲ್ಲಿ ಗೆರೆ ಎಳೆಸಿದೆ. ಎಡಕ್ಕೆ ಕತೆ, ಬಲಕ್ಕೆ ಕವಿತೆ. ಕೆಳಗೆ ಕೆಳಗೆ ಸಾಲುಗಳು: ಹೆಸರು, ವಯಸ್ಸು, ಊರು, ಎಲ್ಲಿಂದ ತಂದರು, ಎಷ್ಟು ಹೊತ್ತಿಗೆ, ಗಾಯದ ವಿವರ, ಯಾರು ನೋಡಿದರು, ಕೊನೆಗೆ ಏನಾಯಿತು. ಇದು ನಮ್ಮ ದಾಖಲಾತಿ ಪುಸ್ತಕದ ಕ್ರಮ. ಬೇರೆ ಯಾವ ಕ್ರಮವೂ ನನಗೆ ಹೊಳೆಯಲಿಲ್ಲ, ಹೊಳೆಯಬೇಕೆಂದೂ ಅನಿಸಲಿಲ್ಲ. ಎಡಭಾಗ ಹದಿನೈದು ನಿಮಿಷದಲ್ಲಿ ತುಂಬಿತು. ಬಲಭಾಗದಲ್ಲಿ ಹುಡುಗಿ ಪ್ರತಿ ಸಾಲಿಗೂ "ಗೊತ್ತಿಲ್ಲ" ಎಂದು ಬರೆಯುತ್ತ ಇಳಿದಳು. ಎಂಟು ಸಾಲು, ಎಂಟು ಗೊತ್ತಿಲ್ಲ.

"ನೋಡು, ಉತ್ತರ ಸಿಕ್ಕಿತಲ್ಲ," ಎಂದೆ. "ಕತೆ ಯುದ್ಧವನ್ನು ತೋರಿಸುತ್ತೆ. ಕವಿತೆಗೆ ಏನೂ ಗೊತ್ತಿಲ್ಲ. ಯುದ್ಧ ನೋಡದವರು ಕೂತು ಕಲ್ಪಿಸಿದ್ದು. ಅದನ್ನೇ ಬರಿ."

ಅವಳು ಬರೆದಳು. ಹನ್ನೊಂದರಿಂದ ಒಂದರವರೆಗೆ, ಊಟದ ಮೇಜಿಗೆ ಬಗ್ಗಿ, ಬೆನ್ನು ಎತ್ತದೆ ಬರೆದಳು. ನಾನು ಅಡುಗೆಮನೆಗೆ ಹೋಗುವಾಗ ಬರುವಾಗ ಇಣುಕಿ ನೋಡಿ ತೃಪ್ತಿಪಟ್ಟೆ. ಈಗ ಹಿಂದಿರುಗಿ ನೋಡಿದರೆ ಆ ಎರಡು ಗಂಟೆಗಳನ್ನು ನಾನೇ ಅವಳಿಂದ ಕಸಿದುಕೊಂಡೆ ಎಂದು ಗೊತ್ತಾಗುತ್ತದೆ. ಮೇಲಿನವರು ಹೇಳಿದ್ದನ್ನು ಕೆಳಗಿನವರು ಬರೆದುಕೊಳ್ಳುವ ಆಸ್ಪತ್ರೆಯಲ್ಲಿ ನಾನು ಬೆಳೆದವಳು. ಪ್ರಬಂಧವೂ ಹಾಗೆಯೇ ಎಂದುಕೊಂಡಿದ್ದೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಕೇಳಿದ್ದ ಪ್ರಶ್ನೆಯನ್ನು ನಾನು ಓದಿದ್ದೆ, ಆದರೂ ಆ ಜಾಗದಲ್ಲಿ ನಾನೇ ಹೋಗಿ ಕೂತಿದ್ದೆ.

ಒಂದಕ್ಕೆ ಊಟ. ಬಟಾಣಿ ಪಲಾವು, ಮೊಸರು. ಹುಡುಗಿ ಬರೆದದ್ದನ್ನು ಓದಿ ಹೇಳಿದಳು. ಆರು ಪುಟ, ತಪ್ಪಿಲ್ಲದ ಇಂಗ್ಲಿಷು. ಕತೆ ಗೆದ್ದಿತ್ತು, ಕವಿತೆ ಸೋತಿತ್ತು.

ತಂಗಿ ಮೊಸರು ಬಡಿಸುತ್ತ ಕೇಳಿದಳು: "ಇವೆರಡನ್ನೂ ಆರಿಸಿದ್ದು ಯಾರಮ್ಮಾ? ನಿಮ್ಮ ಮೇಷ್ಟ್ರಾ?"

"ಕತಿ ಸರ್ ಕೊಟ್ಟಿದ್ರಿ. ಕವಿತಾ ನಾನ ಹುಡುಕಿದ್ದು. ಲೈಬ್ರರಿಯೊಳಗ ಹಳೇ ಪತ್ರಿಕಾ ತಗದು ನೋಡಕೋತ ಕೂತಿದ್ದೆ, ಸಿಕ್ತು. ಅವತ್ತ ನಾ ಊಟ ಮಾಡಲಿಲ್ರಿ ಅಜ್ಜಿ."

"ಯಾಕೆ?"

"ಗೊತ್ತಿಲ್ರಿ. ಮೆಸ್ಸಿಗೆ ಹೋಗೂದ ಮರತೆ."

"ಊಟ ಮರೆಸಿದ ಕವಿತೆ ಸೋತಿದೆ ಅಂತ ಬರೆದಿದ್ದೀಯಲ್ಲ?"

ಹುಡುಗಿ ತಟ್ಟೆ ನೋಡುತ್ತ ಹೇಳಿದಳು: "ಮೇಡಂ ಯುದ್ಧ ನೋಡ್ಯಾರಲ್ರಿ. ನಾ ಎಲ್ಲಿ ನೋಡೀನಿ?"

"ಅಕ್ಕ ಯುದ್ಧ ನೋಡಿದ್ದಾಳೆ ನಿಜ," ಎಂದಳು ತಂಗಿ. "ಕವಿತೆ ನೋಡಿಲ್ಲ. ಬೆಳಿಗ್ಗೆ ಅವಳು ಅದನ್ನು ಓದಿದ್ದು ಔಷಧಿ ಚೀಟಿ ಓದಿದ ಹಾಗೆ."

ನನಗೆ ಸಿಟ್ಟು ಬಂತು. ಆ ಸಿಟ್ಟು ಹೊರಗೆ ಬರುವ ಮೊದಲೇ ತಂಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಜೆರಾಕ್ಸ್ ಹಾಳೆ ಎತ್ತಿಕೊಂಡಿದ್ದಳು. ಲೋಧಿ ಕಾಲೋನಿಯ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದ ದನಿ ಅದು. ರಾಗವಿಲ್ಲ, ಅಭಿನಯವಿಲ್ಲ, ಪ್ರತಿ ಸಾಲು ಮುಗಿದಾಗ ಒಂದು ಉಸಿರಿನಷ್ಟು ಬಿಡುವು. ಅವಳು ಅಷ್ಟು ವರ್ಷ ಹಾಗೆ ಓದುತ್ತಿದ್ದಳು. ನಾನು ಬೇರೆ ಬೇರೆ ಊರುಗಳ ವಾರ್ಡುಗಳಲ್ಲಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಕೈ ಹೊರಗಿದೆ. ಯಾರೋ ಒಳಗಿಡುತ್ತಾರೆ. ಮತ್ತೆ ಹೊರಗಿದೆ.

ಎರಡನೆಯ ಸಲ ಕೈ ಹೊರಗೆ ಬಂದಾಗ ನಾನು ಚಮಚ ಕೆಳಗಿಟ್ಟೆ.

ಎಪ್ಪತ್ತೊಂದರ ಡಿಸೆಂಬರ್. ಪೂರ್ವದ ಗಡಿಗೆ ಹತ್ತಿರದ ಒಂದು ಆಸ್ಪತ್ರೆ. ನನಗೆ ಇಪ್ಪತ್ತೆಂಟು. ಒಂದು ಬೆಳಗಿನ ಜಾವ ಟ್ರಕ್ಕಿನಿಂದ ಇಳಿಸಿದವರಲ್ಲಿ ಒಬ್ಬನ ತಲೆಗೆ ಪೆಟ್ಟಾಗಿತ್ತು, ಜ್ಞಾನವಿರಲಿಲ್ಲ. ಕತ್ತಿನಲ್ಲಿ ಇರಬೇಕಾದ ಗುರುತಿನ ಬಿಲ್ಲೆ ಇರಲಿಲ್ಲ. ಬಟ್ಟೆಯನ್ನು ದಾರಿಯಲ್ಲೇ ಯಾರೋ ಕತ್ತರಿಸಿ ತೆಗೆದು ಕಂಬಳಿ ಸುತ್ತಿದ್ದರು. ಯಾವ ಪಡೆಯವನು, ಯಾವ ಭಾಷೆಯವನು, ಕೊನೆಗೆ ಯಾವ ಕಡೆಯವನು ಎಂಬುದು ಕೂಡ ಯಾರಿಗೂ ಗೊತ್ತಿರಲಿಲ್ಲ. ದಾಖಲಾತಿ ಪುಸ್ತಕ ನನ್ನ ಕೈಯಲ್ಲಿತ್ತು. ಹೆಸರು, ಗೊತ್ತಿಲ್ಲ. ವಯಸ್ಸು, ಗೊತ್ತಿಲ್ಲ. ಊರು, ಗೊತ್ತಿಲ್ಲ. ಆ ಪುಟವನ್ನು ತುಂಬಿದವಳು ನಾನು.

ಅವನನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ಎಡಕ್ಕೆ, ಬೆನ್ನಿಗೆ, ಬಲಕ್ಕೆ. ಬದಲಿಸಿದಾಗಲೆಲ್ಲ ಅವನ ಕೈ ಕಂಬಳಿಯಿಂದ ಜಾರಿ ಹೊರಗೆ ಬರುತ್ತಿತ್ತು. ಚಳಿಗಾಲ. ನಾನು ಒಳಗಿಡುತ್ತಿದ್ದೆ. ಮುಂದಿನ ಸರದಿಗೆ ಬಂದರೆ ಮತ್ತೆ ಹೊರಗೆ. ಎರಡು ರಾತ್ರಿ ಹೀಗೆ ಕಳೆಯಿತು. ಮೂರನೆಯ ಬೆಳಿಗ್ಗೆ ನನ್ನನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಹಾಕಿದರು. ಮತ್ತೆ ಆ ವಾರ್ಡಿಗೆ ಬಂದಾಗ ಆ ಮಂಚದಲ್ಲಿ ಬೇರೊಬ್ಬನಿದ್ದ, ಅವನಿಗೆ ಹೆಸರಿತ್ತು. ಮೊದಲಿನವನು ಏನಾದ ಎಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುತ್ತ ಕೂತರೆ ಮುಂದಿನ ಟ್ರಕ್ಕು ಬಂದಿರುತ್ತಿತ್ತು. ಮೂವತ್ತೈದು ವರ್ಷ ಅವನ ಮಾತನ್ನು ನಾನು ಯಾರ ಹತ್ತಿರವೂ ಎತ್ತಿರಲಿಲ್ಲ. ಮುಚ್ಚಿಟ್ಟಿದ್ದೆ ಎಂದಲ್ಲ. ಹೇಳುವುದಕ್ಕೆ ಏನೂ ಇರಲಿಲ್ಲ. ಆದಿಯಿಲ್ಲ, ಅಂತ್ಯವಿಲ್ಲ, ಹೆಸರಿಲ್ಲ. ಅಂಥದ್ದನ್ನು ಹೇಗೆ ಹೇಳಲಿ?

ಊಟದ ಮೇಜಿನ ಮುಂದೆ ಇಷ್ಟನ್ನು ಹೇಳಿದೆ. ಹೇಳಲು ಹಿಡಿದದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ತಂಗಿ ಎದ್ದು ಬಂದು ನನ್ನ ಹಿಂದೆ ನಿಂತಳು. ಜೆರಾಕ್ಸ್ ಹಾಳೆ ಅವಳ ಕೈಯಲ್ಲೇ ಇತ್ತು.

ಹುಡುಗಿ ಮೆಲ್ಲಗೆ ಕೇಳಿದಳು: "ಎಡಗೈ ಏನ್ರಿ, ಬಲಗೈ?"

ಯೋಚಿಸಿದೆ. ನಿಜವಾಗಿ ಯೋಚಿಸಿದೆ. "ನೆನಪಿಲ್ಲ," ಎಂದೆ.

ಬೆಳಿಗ್ಗೆ ಬಲಭಾಗದಲ್ಲಿ ಬರೆಸಿದ್ದ ಎಂಟು ಗೊತ್ತಿಲ್ಲಗಳು ಮೇಜಿನ ಮೇಲೆಯೇ ಇದ್ದವು. ಅವು ಕವಿಗೆ ಗೊತ್ತಿಲ್ಲದ ಸಂಗತಿಗಳು ಎಂದುಕೊಂಡಿದ್ದೆ. ಹಾಸಿಗೆಯ ಪಕ್ಕದಲ್ಲಿ ನಿಂತವರಿಗೂ ಅಷ್ಟೇ ಗೊತ್ತಿರುತ್ತದೆ ಎಂಬುದನ್ನು ಆ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ನಾನೇ ಮರೆತಿದ್ದೆ.

ಕತೆಯನ್ನು ಈಗ ಮತ್ತೆ ಎತ್ತಿಕೊಂಡೆ. ಅದು ಸುಳ್ಳು ಎಂದು ನನಗೆ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಆದರೆ ಬೆಳಿಗ್ಗೆ ಕಾಣದ ಒಂದು ಸಂಗತಿ ಕಂಡಿತು. ಕತೆಯಲ್ಲಿ ಮೂರನೆಯ ಸಲ ಚಹಾ ಕುದಿಯುವ ಗಳಿಗೆಗೇ ಹೆಣ ಬರುತ್ತದೆ. ನಾನು ಕಂಡ ಯುದ್ಧದಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ರಕ್ತದ ಬಾಟಲಿ ರೋಗಿ ಹೋದ ಮೇಲೆ ಬರುತ್ತಿತ್ತು. ಒಬ್ಬನ ಮನೆಯಿಂದ ಬಂದ ಕಾಗದ ಇನ್ನೊಂದು ಆಸ್ಪತ್ರೆಗೆ ಹೋಗುತ್ತಿತ್ತು. ಕತೆಗಾರರು ಆ ಗಲಿಬಿಲಿಯನ್ನೆಲ್ಲ ತೆಗೆದು ಒಂದು ಸ್ಟೌವಿನ ಸುತ್ತ ಜೋಡಿಸಿ ಕೊಟ್ಟಿದ್ದಾರೆ, ನಮಗೆ ಹಿಡಿದುಕೊಳ್ಳಲು ಆಗಲಿ ಎಂದು. ಅದೂ ಒಂದು ಉಪಕಾರವೇ. ನಾನು ಇದನ್ನು ಹೇಳುತ್ತಿದ್ದಂತೆ ಹುಡುಗಿ ಬರೆದುಕೊಳ್ಳಲು ಪೆನ್ನು ಎತ್ತಿದಳು.

"ಪೆನ್ನು ಕೆಳಗಿಡು," ಎಂದೆ.

"ಯಾಕ್ರಿ ಮೇಡಂ? ಎಷ್ಟ ಛಂದ ಹೇಳಿದ್ರಿ."

"ಅದಕ್ಕೇ. ಬೆಳಿಗ್ಗೆ ನಾನು ಹೇಳಿದ್ದನ್ನು ಬರೆದು ಎರಡು ಗಂಟೆ ಹಾಳಾಯಿತು. ಈಗ ನೀನು ಹೇಳು. ಅವತ್ತು ಊಟ ಯಾಕೆ ಮರೆತೆ?"

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾನು ಗಡಿಯಾರದ ಕಡೆ ನೋಡಲಿಲ್ಲ. ನೋಡದೆ ಇರಲು ಕಷ್ಟಪಟ್ಟೆ.

"ಕತಿಯೊಳಗ ಸತ್ತಾಂವ ಯಾರಂತ ನನಗ ಗೊತ್ತದ್ರಿ," ಎಂದಳು ಕೊನೆಗೆ. "ಅವನ ಊರು ಗೊತ್ತದ, ಗ್ವಾಡಿ ಅರ್ಧಾ ಕಟ್ಯಾನ ಅಂತ ಗೊತ್ತದ. ಅತ್ತೆ. ಅತ್ತ ಮ್ಯಾಲ ಮುಗೀತು, ಪುಸ್ತಕ ಮುಚ್ಚಿ ಊಟಕ್ಕ ಹ್ವಾದೆ. ಕವಿತಾದಾಗ ಯಾರಿಗಂತ ಅಳ್ಲಿ? ಆ ಕೈ ಯಾರದಂತನ ಗೊತ್ತಿಲ್ಲ. ಹಂಗಾಗಿ ಎಲ್ಲಾರ ಕೈನೂ ನೋಡಕೋತ ಕೂತೆ. ಲೈಬ್ರರಿಯೊಳಗ ಮುಂದ ಕೂತಾವನ ಕೈ, ಪುಸ್ತಕ ಕೊಡೂ ಅಂಕಲ್ ಕೈ. ಮುಗೀಲೇ ಇಲ್ರಿ ಅದು."

"ಇದನ್ನ ಬರಿ," ಎಂದಳು ತಂಗಿ.

"ಇದೇನ್ರಿ ಅಜ್ಜಿ, ಪ್ರಬಂಧದಾಗ ಹಿಂಗೆಲ್ಲಾ ಬರೀತಾರೇನು?"

"ನೀನು ಎಲ್ಲಿ ಅಂತ ನಿಮ್ಮ ಮೇಷ್ಟ್ರು ಕೇಳಿದ್ದಾರೆ. ಲೈಬ್ರರಿಯಲ್ಲಿ ಕೂತಿದ್ದೆ, ಉಪವಾಸ ಕೂತಿದ್ದೆ ಅಂತ ವಿಳಾಸ ಕೊಡು."

ಹುಡುಗಿ ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ಆ ಪೇಶಂಟಿನ ವಿಷಯ ಬರೀಲೇನ್ರಿ?"

"ಬೇಡ. ಅದು ನನ್ನ ವಾರ್ಡು. ನಿನ್ನದನ್ನು ಬರಿ."

ಬೆಳಗಿನ ಆರು ಪುಟಗಳಲ್ಲಿ ಕತೆಯ ಬಗ್ಗೆ ಬರೆದಿದ್ದ ಎರಡು ಪುಟ ಉಳಿಯಿತು. ನಾಲ್ಕನ್ನು ಅವಳೇ ಹರಿದಳು. ಗೆರೆ ಎಳೆದ ಹಾಳೆಯನ್ನು ನಾನು ಬಿಸಾಡಲು ಹೋದರೆ ಕಿತ್ತುಕೊಂಡಳು. "ಇದು ಬೇಕ್ರಿ ನನಗ," ಎಂದು ಅದನ್ನು ಪ್ರಬಂಧದ ನಡುವಿಗೇ ಇಟ್ಟಳು. ಬಲಭಾಗದ ಎಂಟು ಸಾಲನ್ನೂ ಹಾಗೆಯೇ ಬಿಟ್ಟಳು. ತೀರ್ಪನ್ನು ಮಾತ್ರ ಬದಲಿಸಿದಳು. ಕತೆ ಒಬ್ಬನನ್ನು ಕಳೆದುಕೊಂಡದ್ದನ್ನು ಹೇಳುತ್ತದೆ, ಕವಿತೆ ಕಳೆದುಹೋದವನು ಯಾರೆಂದು ತಿಳಿಯದೆ ಉಳಿದವರ ಕೈಗೆ ಕೆಲಸ ಹಚ್ಚುತ್ತದೆ ಎಂಬ ಅರ್ಥದ ಒಂದು ವಾಕ್ಯವಿತ್ತು. ಅದು ನಾನು ಹೇಳಿದ್ದಲ್ಲ, ತಂಗಿ ಹೇಳಿದ್ದೂ ಅಲ್ಲ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಇಲ್ಲಿ ಒರಟಾಗಿ ಕನ್ನಡಕ್ಕೆ ಇಳಿಸಿದ್ದೇನೆ, ಅಷ್ಟೇ.

ಅವಳು ಬರೆಯುತ್ತಿದ್ದಾಗ ತಂಗಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು. ನಾನು ಒರೆಸಿ ಒರೆಸಿ ಇಟ್ಟೆ.

"ಮೇಜರ್ ಸಾಹೇಬ್ರ ಟೈಮ್‌ಟೇಬಲ್ ಕೆಟ್ಟುಹೋಯ್ತು," ಎಂದಳು.

"ಎರಡು ಗಂಟೆ ಹಾಳಾಗಿದೆ. ಸರಿದೂಗಿಸಬಹುದು."

"ಮೂವತ್ತೈದು ವರ್ಷ ನನಗೂ ಹೇಳಲಿಲ್ಲವಲ್ಲೇ."

"ನೀನು ಇದನ್ನು ಓದಿರಲಿಲ್ಲವಲ್ಲ."

"ಓದು ಅಂದಿದ್ದರೆ ಯಾವತ್ತಾದರೂ ಓದುತ್ತಿದ್ದೆ," ಎಂದಳು. ನಲ್ಲಿ ನಿಲ್ಲಿಸಿ, "ಆ ತಟ್ಟೆಯನ್ನ ನಾಲ್ಕನೇ ಸಲ ಒರೆಸ್ತಿದ್ದೀಯ," ಎಂದಳು.

ಸೋಮವಾರ ಏನಾಯಿತು ಎಂಬುದು ಸೋಮವಾರದ ಪುಟದಲ್ಲಿದೆ, ಆದರೂ ಓದುವವರನ್ನು ಕಾಯಿಸುವುದು ಸರಿಯಲ್ಲ. ಪ್ರಬಂಧ ಒಪ್ಪಿಗೆಯಾಯಿತು. ಭಾಷೆ ಇನ್ನೂ ಬಿಗಿಯಾಗಬೇಕು ಎಂಬ ಟಿಪ್ಪಣಿ ಇತ್ತಂತೆ, ಕೆಂಪು ಶಾಯಿಯಲ್ಲೇ. ಸೀಟು ಸಿಕ್ಕಿತು. ಮುಂದಿನ ವರ್ಷ ಅವಳ ತಂಗಿಯರಲ್ಲಿ ದೊಡ್ಡವಳು ಕಲಬುರ್ಗಿಗೆ ಓದಲು ಹೋದಳು. ಆ ಹುಡುಗಿ ನನಗೆ ಧನ್ಯವಾದ ಹೇಳಿದಾಗಲೆಲ್ಲ ಲೆಕ್ಕ ತಲೆಕೆಳಗಾಗಿದೆ ಎಂದು ನನಗೆ ಅನಿಸುತ್ತದೆ. ಹಳೆಯ ಪತ್ರಿಕೆಗಳ ರಾಶಿಯಲ್ಲಿ ಆ ಹದಿನಾಲ್ಕು ಸಾಲನ್ನು ಹುಡುಕಿ ಮೆಟ್ರೋದಲ್ಲಿ ನಮ್ಮ ಮನೆಗೆ ತಂದವಳು ಅವಳು. ಅದನ್ನು ಬರೆದವರು ಯಾರೋ ನನಗೆ ಪರಿಚಯವಿಲ್ಲ. ಅವರು ಯುದ್ಧ ಕಂಡಿದ್ದರೋ ಇಲ್ಲವೋ ಎಂದು ನಾನು ಈಗ ಕೇಳುವುದಿಲ್ಲ. ಹೆಸರಿಲ್ಲದ ಒಬ್ಬ ಮನುಷ್ಯನಿಗೆ ಕಾಗದದ ಮೇಲೆ ಹದಿನಾಲ್ಕು ಸಾಲಿನ ಜಾಗ ಕೊಟ್ಟರು. ಎರಡು ರಾತ್ರಿ ಅವನನ್ನು ನೋಡಿಕೊಂಡವಳಾಗಿ ಅವರಿಗೆ ನಾನು ಋಣಿ. ಓದಿ ಹೇಳಿದ ತಂಗಿಗೂ ಋಣಿ. ಈ ಮಾತನ್ನು ಅವಳೆದುರು ಹೇಳಿದರೆ ವಾರವೆಲ್ಲ ಆಡಿಕೊಳ್ಳುತ್ತಾಳೆ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಭಾನುವಾರದ ಉಳಿದ ಕೆಲಸ ಹೀಗೆ ನಡೆಯಿತು. ನಾಲ್ಕೂ ಮುಕ್ಕಾಲಿಗೆ ಬರವಣಿಗೆ ಮುಗಿಯಿತು. ಮೂವರೂ ಮಾರುಕಟ್ಟೆಗೆ ನಡೆದೆವು. ಸೈಬರ್ ಅಂಗಡಿಯಲ್ಲಿ ಹುಡುಗಿ ಟೈಪು ಮಾಡಿದಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳಿದೆ, ಅಲ್ಪವಿರಾಮವನ್ನೂ ಬಿಡದೆ. ತಂಗಿ ಎದುರಿನ ಗಾಡಿಯಲ್ಲಿ ಸಿಹಿಗೆಣಸಿನ ಚಾಟ್ ಕೊಂಡು ಬಾಗಿಲಲ್ಲೇ ನಿಂತು ತಿಂದಳು. ಒಳಗೆ ತರಬಾರದು ಎಂದು ಗೋಡೆಯ ಮೇಲೆ ಬರೆದಿತ್ತು.

ಒಂಬತ್ತನೆಯ ಪುಟದಲ್ಲಿದ್ದಾಗ ಕರೆಂಟು ಹೋಯಿತು. ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಸೇವ್ ಮಾಡಿದ್ದೆಯಾ?"

"ಏಳನೇ ಪೇಜಿನತನಕಾ ಮಾಡಿದ್ದೆರಿ."

ಅಂಗಡಿಯವನು ಹಿಂದೆ ಹೋಗಿ ಜನರೇಟರ್ ಎಳೆದು ಬಂದ. "ಆಂಟೀಜಿ, ಕಂಪ್ಯೂಟರ್ ಚಲೇಗಾ, ಪ್ರಿಂಟರ್ ನಹೀ ಚಲೇಗಾ," ಎಂದ. ಕಂಪ್ಯೂಟರು ನಡೆದರೆ ಸಾಕು, ಪ್ರಿಂಟರಿಗೆ ಕಾಯುತ್ತೇವೆ ಎಂದೆ.

"ಲೈಟ್ ಕಬ್ ಆಯೇಗಿ ಪತಾ ನಹೀ. ಕಲ್ ಸುಬಹ್ ಲೇ ಲೋ." ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಅವನ ಮಾತು.

"ಭಯ್ಯಾ, ನಾಳೆ ಬೆಳಿಗ್ಗೆ ಇಲ್ಲ, ಇವತ್ತೇ," ಎಂದೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ. ಅವನಿಗೆ ಭಾಷೆ ಅರ್ಥವಾಯಿತೋ ದನಿ ಅರ್ಥವಾಯಿತೋ ತಿಳಿಯದು, ಇನ್ನೊಂದು ಕುರ್ಚಿ ತಂದುಕೊಟ್ಟ. ತಂಗಿ ಅದರಲ್ಲಿ ಕೂತಳು. ಎಂಟು ಮತ್ತು ಒಂಬತ್ತನೆಯ ಪುಟಗಳನ್ನು ಮತ್ತೆ ಓದಿ ಹೇಳಿದೆ. ಹುಡುಗಿ ಮತ್ತೆ ಟೈಪು ಮಾಡಿದಳು. ಈ ಸಲ ಪ್ರತಿ ಪ್ಯಾರಾ ಮುಗಿದ ಮೇಲೂ ಸೇವ್ ಮಾಡಿದಳು, ಕೇಳುವ ಮೊದಲೇ "ಮಾಡಿದೆರಿ" ಎನ್ನುತ್ತಿದ್ದಳು.

ಆರೂ ಇಪ್ಪತ್ತಕ್ಕೆ ದೀಪ ಬಂತು. ಹನ್ನೊಂದು ಪುಟ ಒಂದೊಂದಾಗಿ ಹೊರಬಂದವು. ನಾನು ಪುಟಸಂಖ್ಯೆ ನೋಡಿದೆ. ತಂಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟಿದ್ದ ಕವಿತೆಯ ಸಾಲುಗಳನ್ನು ಮೂಲದ ಜೆರಾಕ್ಸ್ ಜೊತೆ ಇಟ್ಟು ನೋಡಿದಳು. ಹುಡುಗಿ ಮೊದಲ ಪುಟದಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡಿದಳು. ಅಂಗಡಿಯವನು ಎಡಬದಿಯಲ್ಲಿ ಮೂರು ಪಿನ್ನು ಹೊಡೆದ. ಆರೂ ಮೂವತ್ತೈದಕ್ಕೆ ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬ್ಯಾಗಿನೊಳಗೆ ನೆಟ್ಟಗೆ ನಿಲ್ಲಿಸಿ, ಜಿಪ್ಪು ಎಳೆದಳು.